ಬಹುರೂಪದರ್ಶಕ: ಒಂದು ಆಟಿಕೆಯ ಚರಿತ್ರೆ

೧

ಯುದ್ಧ ಸಂಧಿಗಳ ಮತ್ತು ರಾಜವಂಶಗಳ ಏಳುಬೀಳುಗಳ ವೃತ್ತಾಂತವೇ ಚರಿತ್ರೆಯೆಂದು ಬಗೆದವರಿಗೆ, ಮಕ್ಕಳ ಆಟಿಕೆಯೊಂದರ ಇತಿಹಾಸವು ಗಂಭೀರ ವ್ಯಾಸಂಗಕ್ಕೆ ತಕ್ಕ ವಿಷಯವೆಂದು ತೋರಲಾರದು. ಆದರೆ ಒಂದು ಕಾಲದ ಜನ ಯಾವುದನ್ನು ಕಂಡು ಬೆರಗಾದರು, ಯಾವುದಕ್ಕಾಗಿ ಅಂಗಡಿಗಳ ಮುಂದೆ ನೆರೆದರು, ಯಾವುದನ್ನು ಕೆಲವೇ ವರ್ಷಗಳಲ್ಲಿ ಮರೆತು ಮೂಲೆಗೆ ಎಸೆದರು ಎಂಬುದನ್ನು ಪರಿಶೀಲಿಸಿದರೆ, ಆ ಕಾಲದ ವಿಜ್ಞಾನ, ವಾಣಿಜ್ಯ ಮತ್ತು ಕಾನೂನುಗಳ ಸ್ವರೂಪವು ಅನೇಕ ವೇಳೆ ರಾಜಶಾಸನಗಳಿಗಿಂತ ಸ್ಪಷ್ಟವಾಗಿ ಗೋಚರಿಸುತ್ತದೆ.

ಪ್ರಸ್ತುತ ಲೇಖನದ ವಿಷಯ ನಮ್ಮ ಮಕ್ಕಳಿಗೆ ಹೊಸದಲ್ಲ. ಚಿತ್ರಪಟಗಳಿಗೆ ಕಟ್ಟು ಹಾಕುವ ಅಂಗಡಿಯಿಂದ ತಂದ ಮೂರು ಗಾಜಿನ ಪಟ್ಟಿಗಳು, ಅವುಗಳ ಸುತ್ತ ಬಿಗಿದ ಕಪ್ಪು ಕಾಗದ, ತುದಿಗೆ ಅಂಟಿಸಿದ ಎಣ್ಣೆಕಾಗದ, ಒಳಗೆ ತಾಯಿಯ ಅಥವಾ ಅಕ್ಕನ ಒಡೆದ ಬಳೆಗಳ ಚೂರು: ಇಷ್ಟನ್ನು ಕೂಡಿಸಿ ಕಣ್ಣಿಗೆ ಹಿಡಿದು ತಿರುಗಿಸಿದರೆ ಹೂವು, ನಕ್ಷತ್ರ, ರಂಗವಲ್ಲಿಗಳ ಸಾಲು ಒಂದರ ಹಿಂದೆ ಒಂದು ಅರಳುತ್ತವೆ. ಇದೇ ಕೆಲಿಡೋಸ್ಕೋಪು, ಕನ್ನಡದಲ್ಲಿ ಬಹುರೂಪದರ್ಶಕ. ಶಾಲೆಯ ವಿಜ್ಞಾನ ಪಾಠದಲ್ಲಿ ಬೆಳಕಿನ ಪ್ರತಿಫಲನಕ್ಕೆ ನಿದರ್ಶನವಾಗಿಯೂ ಜಾತ್ರೆಯ ಅಂಗಡಿಯಲ್ಲಿ ಅಗ್ಗದ ಆಟಿಕೆಯಾಗಿಯೂ ನಾವು ಬಲ್ಲ ಈ ಸಾಧನವು ೧೮೧೭-೧೮ರಲ್ಲಿ ಯುರೋಪಿನ ಎರಡು ರಾಜಧಾನಿಗಳನ್ನು ಹುಚ್ಚೆಬ್ಬಿಸಿತ್ತೆಂಬುದೂ, ಅದನ್ನು ಕಂಡುಹಿಡಿದ ವಿದ್ವಾಂಸನಿಗೆ ಅದರಿಂದ ಕೀರ್ತಿಯ ಹೊರತು ಹೆಚ್ಚೇನೂ ದೊರೆಯಲಿಲ್ಲವೆಂಬುದೂ ಅಷ್ಟಾಗಿ ತಿಳಿದ ಸಂಗತಿಗಳಲ್ಲ. ಪ್ರಯೋಗಶಾಲೆಯ ಉಪಕರಣವೊಂದು ಮಕ್ಕಳ ಕೈಯ ಆಟಿಕೆಯಾದುದು ಹೇಗೆ? ಅದು ಉಪಕರಣದ ಪತನವೋ, ಸಾರ್ಥಕತೆಯೋ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿವೇಚಿಸಲಾಗಿದೆ.

೨

ಬಹುರೂಪದರ್ಶಕದ ಜನಕ ಸರ್ ಡೇವಿಡ್ ಬ್ರೂಸ್ಟರ್. ಆತ ಹುಟ್ಟಿದ್ದು ಸ್ಕಾಟ್‌ಲೆಂಡಿನ ಜೆಡ್‌ಬರೋ ಎಂಬ ಊರಿನಲ್ಲಿ, ೧೭೮೧ರ ಡಿಸೆಂಬರ್ ೧೧ರಂದು. ಹನ್ನೆರಡನೆಯ ವಯಸ್ಸಿಗೇ ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನು ಸೇರಿದ ಈ ಬಾಲಕನನ್ನು ಮನೆಯವರು ಧರ್ಮೋಪದೇಶಕನ ವೃತ್ತಿಗೆಂದು ಸಿದ್ಧಗೊಳಿಸಿದರು. ಅದಕ್ಕೆ ಬೇಕಾದ ಅನುಮತಿಯೂ ದೊರೆಯಿತು. ಆದರೆ ಸಭೆಯ ಮುಂದೆ ನಿಂತು ಮಾತನಾಡುವಾಗ ಆತನನ್ನು ಕಾಡುತ್ತಿದ್ದ ಅಳುಕು ಆ ಹಾದಿಯನ್ನು ಮುಚ್ಚಿತು. ಬ್ರೂಸ್ಟರ್ ಬೆಳಕಿನ ಅಧ್ಯಯನದ ಕಡೆಗೆ ತಿರುಗಿದ. ವಿಶ್ವವಿದ್ಯಾನಿಲಯದ ಸಂಬಳದ ಹುದ್ದೆ ಆತನಿಗೆ ಆಗ ಇರಲಿಲ್ಲ. ಸೇಂಟ್ ಆಂಡ್ರೂಸಿನಲ್ಲಿ ಪ್ರಾಂಶುಪಾಲನ ಸ್ಥಾನ ದೊರೆತದ್ದು ೧೮೩೮ರಲ್ಲಿ, ಅಂದರೆ ಐವತ್ತಾರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಲೇಖನವೃತ್ತಿ ಮತ್ತು ೧೮೦೮ರಿಂದ ೧೮೩೦ರವರೆಗೆ ನಡೆದ 'ಎಡಿನ್‌ಬರೋ ವಿಶ್ವಕೋಶ'ದ ಸಂಪಾದನೆಗಳೇ ಆತನ ಜೀವನಾಧಾರವಾಗಿದ್ದುವು. ಮುಂದೆ ಬರುವ ಸ್ವಾಮ್ಯಪತ್ರದ ಪ್ರಕರಣವನ್ನು ಓದುವಾಗ ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

೧೮೧೪ರಲ್ಲಿ ಬ್ರೂಸ್ಟರ್ ಗಾಜಿನ ಫಲಕಗಳ ನಡುವೆ ಬೆಳಕು ಮತ್ತೆ ಮತ್ತೆ ಪ್ರತಿಫಲಿತವಾಗಿ ಧ್ರುವೀಕರಣ ಹೊಂದುವುದನ್ನು ಪರೀಕ್ಷಿಸುತ್ತಿದ್ದ. ಫಲಕಗಳು ಒಂದಕ್ಕೊಂದು ಓರೆಯಾಗಿ ನಿಂತಾಗ ದೀಪದ ಹಲವು ಬಿಂಬಗಳು ಒಂದು ಕೇಂದ್ರದ ಸುತ್ತ ವೃತ್ತಾಕಾರವಾಗಿ ನೆರೆಯುವುದು ಆತನ ಗಮನಕ್ಕೆ ಬಂದಿತು. ಆಗ ಅದು ಕೇವಲ ಒಂದು ಕುತೂಹಲದ ಸಂಗತಿ. ಬಳಿಕ ಫ್ರಾನ್ಸಿನ ಭೌತವಿಜ್ಞಾನಿ ಬಿಯೋ ದ್ರವಗಳ ಮೇಲೆ ನಡೆಸಿದ್ದ ಪ್ರಯೋಗಗಳನ್ನು ಪುನಃ ಮಾಡಿನೋಡುವುದಕ್ಕಾಗಿ ಬ್ರೂಸ್ಟರ್ ಎರಡು ಗಾಜಿನ ಫಲಕಗಳನ್ನು ಕೋನವಾಗಿ ಅಂಟಿಸಿ ದೋಣಿಯಂಥ ಒಂದು ಪಾತ್ರೆಯನ್ನು ಮಾಡಿದ. ಸಂದಿನಿಂದ ಹೊರಕ್ಕೆ ಒಸರಿದ್ದ ಅಂಟು, ಪಾತ್ರೆಯ ಒಂದು ತುದಿಯಿಂದ ನೋಡಿದಾಗ, ಅಚ್ಚುಕಟ್ಟಾದ ಸಮಾಂಗ ಆಕೃತಿಯಾಗಿ ತೋರಿತು. ಮೊದಲ ಬಾರಿ ದೂರದ ದೀಪದಲ್ಲಿ ಕಂಡುದಕ್ಕಿಂತ ಈಗ ಫಲಕಗಳ ತುದಿಗೇ ಹತ್ತಿಕೊಂಡಿದ್ದ ವಸ್ತುವಿನಲ್ಲಿ ಕಂಡ ಆಕೃತಿಯು ಹೆಚ್ಚು ಪರಿಪೂರ್ಣವಾಗಿತ್ತು. ಇದರ ಕಾರಣವನ್ನು ವಿಚಾರಿಸಿದಾಗ ಉಪಕರಣದ ತತ್ತ್ವವು ಸ್ಪಷ್ಟವಾಯಿತು. ವರ್ಣದ ಗಾಜಿನ ಚೂರುಗಳನ್ನು ಸಡಿಲವಾಗಿರಿಸಿ ಅವುಗಳಿಗೆ ಚಲನೆ ಕೊಡುವುದು ಕೊನೆಯ ಮೆಟ್ಟಿಲು. ೧೮೧೬ರ ವೇಳೆಗೆ ಉಪಕರಣ ಸಿದ್ಧವಾಯಿತು. ಸುಂದರ, ರೂಪ, ನೋಡು ಎಂಬ ಅರ್ಥಗಳ ಮೂರು ಗ್ರೀಕ್ ಪದಗಳನ್ನು ಕೂಡಿಸಿ ಬ್ರೂಸ್ಟರ್ ಅದಕ್ಕೆ ಕೆಲಿಡೋಸ್ಕೋಪು ಎಂದು ಹೆಸರಿಟ್ಟ.

೩

ಈ ಉಪಕರಣದ ರಚನೆಯನ್ನು ಅರಿಯದೆ ಅದರ ಚರಿತ್ರೆಯನ್ನು ಅರಿಯಲಾಗದು. ಬ್ರೂಸ್ಟರನ ಮೂಲ ಉಪಕರಣದಲ್ಲಿದ್ದುದು ಮೂರಲ್ಲ, ಎರಡು ಕನ್ನಡಿಗಳು. ಅವು ಕೊಳವೆಯ ಉದ್ದಕ್ಕೂ ಒಂದು ಅಂಚಿನಲ್ಲಿ ಕೂಡಿ, ನಿಶ್ಚಿತ ಕೋನದಲ್ಲಿ ಓರೆಯಾಗಿ ನಿಲ್ಲುತ್ತವೆ. ಕೋನವು ೬೦ ಅಂಶವಾದರೆ ವೃತ್ತವು ಆರು ಭಾಗಗಳಾಗಿಯೂ, ೪೫ ಅಂಶವಾದರೆ ಎಂಟು ಭಾಗಗಳಾಗಿಯೂ, ೩೦ ಅಂಶವಾದರೆ ಹನ್ನೆರಡು ಭಾಗಗಳಾಗಿಯೂ ಕಾಣುತ್ತದೆ. ಆಕೃತಿಯು ನಿರ್ದೋಷವಾಗಬೇಕಾದರೆ ಬ್ರೂಸ್ಟರ್ ಮೂರು ನಿಬಂಧನೆಗಳನ್ನು ವಿಧಿಸಿದ. ಮೊದಲನೆಯದಾಗಿ, ಕೋನವು ೩೬೦ ಅಂಶಗಳನ್ನು ಸಮಸಂಖ್ಯೆಯ ಭಾಗಗಳಾಗಿ ಶೇಷವಿಲ್ಲದೆ ಭಾಗಿಸಬೇಕು. ಎರಡನೆಯದಾಗಿ, ನೋಡುವ ವಸ್ತುವು ಕನ್ನಡಿಗಳ ತುದಿಗೆ ತಾಗಿಕೊಂಡೇ ಇರಬೇಕು. ಮೂರನೆಯದಾಗಿ, ಕಣ್ಣು ಕನ್ನಡಿಗಳು ಕೂಡುವ ಅಂಚಿಗೆ ಆದಷ್ಟು ಸಮೀಪದಲ್ಲಿರಬೇಕು. ಕೋನದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಕೊನೆಯ ಭಾಗ ಉಳಿದವುಗಳೊಡನೆ ಹೊಂದದೆ ಹೂವಿನ ಒಂದು ದಳ ಹರಿದಂತೆ ತೋರುತ್ತದೆ.

ಆದುದರಿಂದ ಇದು ನೋಡುವುದಕ್ಕೆ ಅತಿ ಸರಳವಾದ, ಆದರೆ ಸರಿಯಾಗಿ ಮಾಡುವುದಕ್ಕೆ ಕರಾರುವಾಕ್ಕಾದ ಅಳತೆಯನ್ನು ಬೇಡುವ ಉಪಕರಣ. ಈ ಸರಳತೆ ಮತ್ತು ಈ ಕಾಠಿಣ್ಯಗಳ ನಡುವಣ ಅಂತರದಲ್ಲೇ ಮುಂದಿನ ಘಟನೆಗಳೆಲ್ಲ ನಡೆದುವು.

೪

೧೮೧೭ರ ಜುಲೈ ತಿಂಗಳಲ್ಲಿ ಬ್ರೂಸ್ಟರನಿಗೆ ೪೧೩೬ನೆಯ ಸಂಖ್ಯೆಯ ಸ್ವಾಮ್ಯಪತ್ರ ದೊರೆಯಿತು. ತಯಾರಿಕೆಯ ಹೊಣೆಯನ್ನು ಆತ ಬರ್ಮಿಂಗ್‌ಹ್ಯಾಮಿನ ಫಿಲಿಪ್ ಕಾರ್ಪೆಂಟರ್ ಎಂಬ ದೃಗುಪಕರಣ ನಿರ್ಮಾಪಕನಿಗೆ ಒಪ್ಪಿಸಿದ. ಅಷ್ಟರಲ್ಲಿ ಉಪಕರಣದ ಸುದ್ದಿ ಹಬ್ಬಿಹೋಗಿತ್ತು. ಲಂಡನ್ ಮತ್ತು ಪ್ಯಾರಿಸ್ ನಗರಗಳಲ್ಲಿ ಮೂರು ತಿಂಗಳೊಳಗೆ ಎರಡು ಲಕ್ಷ ಬಹುರೂಪದರ್ಶಕಗಳು ಮಾರಾಟವಾದುವೆಂದು ಬ್ರೂಸ್ಟರನೇ ಬರೆದಿದ್ದಾನೆ. ಈ ಸಂಖ್ಯೆಯನ್ನು ಆಮೇಲಿನ ಗ್ರಂಥಕರ್ತರೆಲ್ಲರೂ ಎತ್ತಿ ಹೇಳಿರುವುದರಿಂದ ಇದನ್ನು ಸ್ವಲ್ಪ ತೂಗಿನೋಡುವುದು ಅವಶ್ಯಕ.

ಇದು ಸುಂಕದ ಕಟ್ಟೆಯ ಲೆಕ್ಕವಲ್ಲ; ತಿಳಿದವರ ಅಂದಾಜು. ಅದನ್ನು ದಾಖಲೆಮಾಡಿದವನು ತನ್ನ ಹಕ್ಕು ಲೂಟಿಯಾಯಿತೆಂದು ನೊಂದಿದ್ದ ವ್ಯಕ್ತಿ. ನಷ್ಟ ಹೊಂದಿದವನು ನಷ್ಟವನ್ನು ಕಿರಿದಾಗಿಸಿ ಹೇಳುವುದು ಅಪೂರ್ವ. ಆ ಕಾಲದ ಲಂಡನ್ ಮತ್ತು ಪ್ಯಾರಿಸ್‌ಗಳ ಜನಸಂಖ್ಯೆಗಳೆರಡನ್ನೂ ಕೂಡಿದರೆ ಸುಮಾರು ಇಪ್ಪತ್ತು ಲಕ್ಷವಾಗುತ್ತದೆ. ಎಂದರೆ ಹತ್ತು ಜನಕ್ಕೆ ಒಂದು ಉಪಕರಣ! ಈ ಲೆಕ್ಕವನ್ನು ಅಕ್ಷರಶಃ ಸ್ವೀಕರಿಸುವುದು ಕಷ್ಟ. ಆದರೆ ಮಾರಾಟವಾದುವೆಲ್ಲ ಆ ಎರಡು ಊರುಗಳಲ್ಲೇ ಉಳಿಯಲಿಲ್ಲವೆಂಬುದನ್ನೂ ಗಮನಿಸಬೇಕು. ಹುಚ್ಚಿನ ವ್ಯಾಪ್ತಿಗೆ ಬೇರೆ ಸಾಕ್ಷ್ಯಗಳೂ ಉಂಟು. ಸಮಾನಾರ್ಥಕ ಪದಗಳ ಕೋಶದಿಂದ ಮುಂದೆ ಪ್ರಸಿದ್ಧನಾದ ವೈದ್ಯ ಪೀಟರ್ ಮಾರ್ಕ್ ರೋಜೆ, ಬ್ರಿಟಾನಿಕ ವಿಶ್ವಕೋಶದ ಪುರವಣಿಗೆ ಬರೆದ ಲೇಖನದಲ್ಲಿ, ಬಡವರು ಬಲ್ಲಿದರು ಮುದುಕರು ಮಕ್ಕಳೆನ್ನದೆ ಎಲ್ಲರೂ ಇದಕ್ಕೆ ಮರುಳಾದರೆಂದೂ, ಸ್ವಿಟ್ಸರ್ಲೆಂಡಿನ ಮೂಲೆಯ ಹಳ್ಳಿಗಳಲ್ಲಿ ಕೂಡ ಪ್ರವಾಸಿಗಳು ಇದನ್ನು ಕಂಡರೆಂದೂ ತಿಳಿಸುತ್ತಾನೆ. ಪ್ಯಾರಿಸಿನ ವ್ಯಂಗ್ಯಚಿತ್ರಕಾರರು ಈ ಮರುಳಿಗೆ 'ಕೆಲಿಡೋಸ್ಕೋಮಾನಿ' ಎಂಬ ಹೆಸರನ್ನೇ ಕೊಟ್ಟರು. ಬೈರನ್ ಕವಿಯು ೧೮೧೯ರಲ್ಲಿ ಪ್ರಕಟವಾದ 'ಡಾನ್ ಜುವಾನ್' ಕಾವ್ಯದ ಎರಡನೆಯ ಸರ್ಗದಲ್ಲಿ ಕಾಮನಬಿಲ್ಲಿಗೆ ಈ ಉಪಕರಣವನ್ನೇ ಉಪಮಾನವಾಗಿ ತಂದಿದ್ದಾನೆ. ಎರಡು ವರ್ಷ ವಯಸ್ಸಿನ ಪದವೊಂದು ಕಾವ್ಯದಲ್ಲಿ ವಿವರಣೆಯಿಲ್ಲದೆ ಪ್ರವೇಶಿಸಬೇಕಾದರೆ ಅದು ಓದುಗರೆಲ್ಲರ ನಾಲಗೆಯ ಮೇಲಿದ್ದಿರಬೇಕು. ಸಂಖ್ಯೆಗಿಂತ ಈ ಸಾಕ್ಷ್ಯವೇ ಬಲವಾದುದು.

ರೋಜೆಯ ಲೇಖನದಲ್ಲಿ ನಮ್ಮ ದೇಶಕ್ಕೆ ಸಂಬಂಧಿಸಿದ ಮಾತೊಂದುಂಟು. ಹೊರದೇಶಗಳಿಗೆ, ಅದರಲ್ಲಿಯೂ ವಿಶೇಷವಾಗಿ ಈಸ್ಟ್ ಇಂಡೀಸಿಗೆ, ಈ ಉಪಕರಣಗಳು ಹಡಗಿನ ಸರಕಾಗಿ ರಾಶಿರಾಶಿಯಾಗಿ ರವಾನೆಯಾದುವಂತೆ. ಆ ಹೆಸರಿನಲ್ಲಿ ಅಂದಿನ ಆಂಗ್ಲರು ಮುಖ್ಯವಾಗಿ ಹಿಂದೂಸ್ಥಾನವನ್ನೂ ಅದರ ಆಚೆಯ ದ್ವೀಪಗಳನ್ನೂ ಗ್ರಹಿಸುತ್ತಿದ್ದರು. ೧೮೧೩ರ ಶಾಸನವು ಈಸ್ಟ್ ಇಂಡಿಯಾ ಕಂಪನಿಯ ಭಾರತ ವ್ಯಾಪಾರದ ಏಕಸ್ವಾಮ್ಯವನ್ನು ತೆಗೆದುಹಾಕಿ ಖಾಸಗಿ ವರ್ತಕರಿಗೆ ಬಾಗಿಲು ತೆರೆದು ಆಗ ನಾಲ್ಕೈದು ವರ್ಷಗಳಷ್ಟೇ ಆಗಿದ್ದುವು. ಹೊಸ ಸರಕಿಗಾಗಿ ಹುಡುಕುತ್ತಿದ್ದ ಆ ವರ್ತಕರಿಗೆ, ತೂಕ ಕಡಿಮೆಯಾಗಿ ಬೆರಗು ಹೆಚ್ಚಾಗಿದ್ದ ಈ ವಸ್ತುವು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

೫

ಇಷ್ಟು ಮಾರಾಟವಾದರೂ ಬ್ರೂಸ್ಟರನಿಗೆ ಲಾಭ ದೊರೆಯದೆ ಹೋದುದೇಕೆ? ಮೊದಲ ಕಾರಣ, ರಹಸ್ಯಭಂಗ. ಸ್ವಾಮ್ಯಪತ್ರದ ಫಲ ಕೈಸೇರುವುದಕ್ಕೆ ಮೊದಲೇ ಉಪಕರಣದ ಮಾದರಿಯೊಂದನ್ನು ಲಂಡನ್ನಿನ ದೃಗುಪಕರಣ ವ್ಯಾಪಾರಿಗಳಿಗೆ ತೋರಿಸಲಾಯಿತು. ಒಮ್ಮೆ ನೋಡಿದವನಿಗೆ ಅದನ್ನು ಮಾಡಲು ಬೇಕಾದುದು ಒಂದು ಕೊಳವೆ, ಎರಡು ಗಾಜಿನ ಪಟ್ಟಿ, ಒಂದು ಹಿಡಿ ಬಣ್ಣದ ಚೂರು. ತಗಡಿನ ಕೆಲಸದವರೂ ಬೀದಿಯ ಮಾರಾಟಗಾರರೂ ಇದಕ್ಕೆ ಕೈಹಚ್ಚಿದರು. ನೂರಾರು ಬಡವರಿಗೆ ಇದರಿಂದ ಹೊಟ್ಟೆಪಾಡು ನಡೆಯಿತು. ಎರಡನೆಯ ಕಾರಣ, ಪೂರೈಕೆಯ ಕೊರತೆ. ಕಾರ್ಪೆಂಟರನೊಬ್ಬನಿಂದ ಬೇಡಿಕೆಯನ್ನು ಪೂರೈಸುವುದು ಸಾಧ್ಯವಾಗಲಿಲ್ಲ. ೧೮೧೮ರಲ್ಲಿ ಇತರ ನಿರ್ಮಾಪಕರಿಗೂ ಅನುಮತಿ ಕೊಡಲಾಯಿತಾದರೂ ಅಷ್ಟರೊಳಗೆ ನಕಲುಗಳು ಮಾರುಕಟ್ಟೆಯನ್ನು ತುಂಬಿದ್ದುವು.

ಮೂರನೆಯ ಮತ್ತು ಮುಖ್ಯ ಕಾರಣ ಕಾನೂನಿನದು. ಇಂಗ್ಲೆಂಡ್, ಸ್ಕಾಟ್‌ಲೆಂಡ್, ಐರ್ಲೆಂಡುಗಳಿಗೆ ಆಗ ಬೇರೆಬೇರೆ ಸ್ವಾಮ್ಯಪತ್ರಗಳನ್ನು ಪಡೆಯಬೇಕಾಗಿತ್ತು. ಇಂಗ್ಲೆಂಡಿಗೆ ಮಾತ್ರವೇ ನೂರು ಪೌಂಡಿಗೆ ಮಿಗಿಲಾದ ವೆಚ್ಚ. ಮೂರಕ್ಕೂ ಸೇರಿ ಮುನ್ನೂರು ಪೌಂಡಿಗೂ ಹೆಚ್ಚು. ಇಷ್ಟು ತೆತ್ತು ಪಡೆದ ಹಕ್ಕನ್ನು ಕಾಪಾಡಿಕೊಳ್ಳುವ ಹೊಣೆಯೂ ಪಡೆದವನದೇ. ಬೀದಿಬೀದಿಯಲ್ಲಿ ನಡೆಯುತ್ತಿದ್ದ ಉಲ್ಲಂಘನೆಗೆ ಒಬ್ಬೊಬ್ಬನ ಮೇಲೂ ವ್ಯಾಜ್ಯ ಹೂಡುವುದು ಲೇಖನಿಯಿಂದ ಬದುಕುತ್ತಿದ್ದ ವಿದ್ವಾಂಸನಿಗೆ ಶಕ್ಯವಿತ್ತೆ?

ಇದರೊಡನೆ ಆದ್ಯತೆಯ ವಿವಾದವೂ ಕೂಡಿಕೊಂಡಿತು. ಹದಿನಾರನೆಯ ಶತಮಾನದ ಇಟಲಿಯ ಜಂಬಾತ್ತಿಸ್ತ ದೆಲ್ಲ ಪೋರ್ತ, ೧೬೪೬ರಲ್ಲಿ ಬೆಳಕಿನ ಮೇಲಣ ಗ್ರಂಥವನ್ನು ಪ್ರಕಟಿಸಿದ ಅಥನೇಷಿಯಸ್ ಕಿರ್ಷರ್, ೧೭೧೭ರಲ್ಲಿ ಉದ್ಯಾನಗಳ ವಿನ್ಯಾಸಕ್ಕಾಗಿ ಎರಡು ಕನ್ನಡಿಗಳ ಸಾಧನವನ್ನು ವರ್ಣಿಸಿದ ರಿಚರ್ಡ್ ಬ್ರ್ಯಾಡ್ಲಿ ಇವರ ಹೆಸರುಗಳನ್ನು ವಿರೋಧಿಗಳು ಮುಂದೊಡ್ಡಿದರು. ಓರೆಯಾದ ಕನ್ನಡಿಗಳಲ್ಲಿ ಬಿಂಬಗಳು ಹೆಚ್ಚುವುದು ಪ್ರಾಚೀನರಿಗೂ ಗೊತ್ತಿದ್ದ ಸಂಗತಿಯೇ. ಬ್ರ್ಯಾಡ್ಲಿಯ ಕನ್ನಡಿಗಳು ಪುಸ್ತಕದಂತೆ ತೆರೆದು ಚಿತ್ರದ ಮೇಲೆ ನಿಲ್ಲಿಸುವಂಥವು. ಅವುಗಳಲ್ಲಿ ಕಣ್ಣಿನ ಸ್ಥಾನಕ್ಕಾಗಲಿ ವಸ್ತುವಿನ ಚಲನೆಗಾಗಲಿ ನಿಯಮವಿರಲಿಲ್ಲ. ಬ್ರೂಸ್ಟರ್ ೧೮೧೯ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ವ್ಯತ್ಯಾಸವನ್ನು ನಿರೂಪಿಸಿ, ಉಗಿಯಂತ್ರದ ಜೇಮ್ಸ್ ವಾಟ್, ಎಡಿನ್‌ಬರೋದ ಪ್ಲೇಫೇರ್, ಜಿನೀವದ ಪಿಕ್ಟೆ ಇವರ ಅಭಿಪ್ರಾಯಪತ್ರಗಳನ್ನು ಬೆಂಬಲಕ್ಕೆ ಸೇರಿಸಿದ. ನ್ಯಾಯದೃಷ್ಟಿಯಿಂದ ನೋಡಿದರೆ, ಬಿಂಬಗಳ ಬಹುತ್ವವು ಹಿಂದಿನವರದು, ಆಕೃತಿಯನ್ನು ನಿರ್ದೋಷಗೊಳಿಸುವ ನಿಬಂಧನೆಗಳು ಬ್ರೂಸ್ಟರನವು ಎನ್ನಬೇಕು. ಆತನ ಹಕ್ಕು ನಿಂತಿರುವುದು ಕನ್ನಡಿಗಳ ಮೇಲಲ್ಲ, ಕರಾರುವಾಕ್ಕಾದ ಅಳತೆಯ ಮೇಲೆ.

ಈ ನೋವು ವ್ಯರ್ಥವಾಗಲಿಲ್ಲ. ೧೮೩೦ರಲ್ಲಿ ಚಾರ್ಲ್ಸ್ ಬ್ಯಾಬೇಜನು ಇಂಗ್ಲೆಂಡಿನಲ್ಲಿ ವಿಜ್ಞಾನದ ಅವನತಿಯನ್ನು ಕುರಿತು ಬರೆದ ಗ್ರಂಥವನ್ನು 'ಕ್ವಾರ್ಟರ್ಲಿ ರಿವ್ಯೂ' ಪತ್ರಿಕೆಯಲ್ಲಿ ವಿಮರ್ಶಿಸುತ್ತ ಬ್ರೂಸ್ಟರ್ ಸ್ವಾಮ್ಯಪತ್ರ ಶಾಸನಗಳನ್ನು ತೀವ್ರವಾಗಿ ಖಂಡಿಸಿದ. ಮರುವರ್ಷ ಯಾರ್ಕ್ ನಗರದಲ್ಲಿ ಬ್ರಿಟಿಷ್ ವಿಜ್ಞಾನೋನ್ನತಿ ಸಂಘವು ಸ್ಥಾಪಿತವಾಗುವುದರಲ್ಲಿ ಆತನ ಪ್ರಯತ್ನ ಮುಖ್ಯವಾದುದು. ೧೮೫೨ರ ಶಾಸನವು ಮೂರು ದೇಶಗಳಿಗೂ ಒಂದೇ ಸ್ವಾಮ್ಯಪತ್ರವನ್ನು ಏರ್ಪಡಿಸಿ ಮೊದಲ ಶುಲ್ಕವನ್ನು ೨೫ ಪೌಂಡಿಗೆ ಇಳಿಸಿತು. ಈ ಸುಧಾರಣೆಗೆ ಆಟಿಕೆಯೊಂದೇ ಕಾರಣವೆಂದು ಹೇಳುವುದು ಅತಿಶಯೋಕ್ತಿ. ಆದರೆ ಸುಧಾರಣೆಯನ್ನು ಬೇಡಿದವರಲ್ಲಿ ಒಬ್ಬನಿಗೆ ಆಟಿಕೆಯೇ ಪಾಠ ಕಲಿಸಿತ್ತೆಂಬುದು ನಿಜ.

೬

ಬ್ರೂಸ್ಟರ್ ತನ್ನ ಉಪಕರಣವನ್ನು ಮಕ್ಕಳಿಗೆಂದು ರೂಪಿಸಿದವನಲ್ಲ. ಜಮಖಾನೆ ನೇಯುವವರಿಗೆ, ಚೀಟಿಬಟ್ಟೆಗೆ ಅಚ್ಚು ಹಾಕುವವರಿಗೆ, ಕಟ್ಟಡಗಳ ಅಲಂಕಾರ ಮಾಡುವವರಿಗೆ ಇದು ಹೊಸಹೊಸ ವಿನ್ಯಾಸಗಳ ಅಕ್ಷಯಪಾತ್ರೆಯಾಗುವುದೆಂದು ಆತ ನಂಬಿದ್ದ. ಸಾವಿರ ಕಲಾವಿದರು ಒಂದು ವರ್ಷದಲ್ಲಿ ಕಲ್ಪಿಸಲಾರದಷ್ಟನ್ನು ಇದು ಒಂದು ಗಂಟೆಯಲ್ಲಿ ಕಲ್ಪಿಸುವುದೆಂಬುದು ಆತನ ವಾದ. ಆ ಕಾಲದ ಜನಪ್ರಿಯ ಬರಹಗಳಲ್ಲಿ ಈ ಭಾವನೆಯು ಲೆಕ್ಕದ ರೂಪ ತಾಳಿತು. ಇಪ್ಪತ್ತು ಚೂರುಗಳನ್ನು ಹಾಕಿ ನಿಮಿಷಕ್ಕೆ ಹತ್ತು ಬಾರಿ ತಿರುಗಿಸಿದರೆ ಎಲ್ಲ ಮಾರ್ಪಾಟುಗಳೂ ಮುಗಿಯಲು ಸುಮಾರು ೪೬,೨೮೮ ಕೋಟಿ ವರ್ಷ ಬೇಕೆಂದು ಹೇಳಲಾಗುತ್ತಿತ್ತು. ಗುಣಿಸಿ ನೋಡಿದರೆ ಲೆಕ್ಕ ಸರಿಯೇ. ಆದರೆ ಇದು ಇಪ್ಪತ್ತು ವಸ್ತುಗಳನ್ನು ಸಾಲಾಗಿ ಜೋಡಿಸುವ ಕ್ರಮಗಳ ಸಂಖ್ಯೆಯೇ ಹೊರತು ಚಿತ್ರಗಳ ಸಂಖ್ಯೆಯಲ್ಲ. ಚೂರುಗಳು ಸಾಲಾಗಿ ನಿಲ್ಲದೆ ಒಂದರ ಮೇಲೊಂದು ಬೀಳುತ್ತವೆ, ಓರೆಯಾಗುತ್ತವೆ, ಮರೆಯಾಗುತ್ತವೆ.

ವಿನ್ಯಾಸಕಾರರ ಸಾಧನವಾಗಿ ಅದು ಆತನ ನಿರೀಕ್ಷೆಯನ್ನು ತಲಪಲಿಲ್ಲ. ಕಾರಣ ಸ್ಪಷ್ಟವಾಗಿದೆ. ಕೈ ಅಲುಗಿದರೆ ಕಂಡ ಚಿತ್ರ ಅಳಿಯುತ್ತದೆ. ಅದನ್ನು ಹಿಡಿದಿಡುವ ಉಪಾಯ ಆಗ ಇರಲಿಲ್ಲ. ಮತ್ತೆ ಬಾರದಂತೆ ಅಳಿದುಹೋಗುವ ಸೌಂದರ್ಯವು ಕುಶಲಕರ್ಮಿಗೆ ನಿರುಪಯುಕ್ತ. ಮಗುವಿಗೆ ಅದೇ ಪರಮಾನಂದ. ಉಪಕರಣವು ಕಾರ್ಖಾನೆಯನ್ನು ಬಿಟ್ಟು ಮಕ್ಕಳ ಕೈ ಸೇರಿದುದಕ್ಕೆ ಇದೇ ಮೂಲಕಾರಣವೆಂದು ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ಗಾಜಿನ ಮೇಲಣ ತೆರಿಗೆಯು ೧೮೪೫ರಲ್ಲಿ ರದ್ದಾಗಿ ಗಾಜು ಅಗ್ಗವಾದುದೂ ಇದಕ್ಕೆ ನೆರವಾಗಿರಬೇಕು. ೧೮೫೮ರಲ್ಲಿ ಬ್ರೂಸ್ಟರ್ ತನ್ನ ಗ್ರಂಥವನ್ನು ವಿಸ್ತರಿಸಿ ಮತ್ತೆ ಪ್ರಕಟಿಸಿ, ೧೮೬೮ರಲ್ಲಿ ತೀರಿಕೊಂಡ. ಪ್ರಷ್ಯದಿಂದ ಅಮೆರಿಕಕ್ಕೆ ಬಂದು ನೆಲಸಿದ ಚಾರ್ಲ್ಸ್ ಬುಶ್ ೧೮೭೩ ಮತ್ತು ೧೮೭೪ರಲ್ಲಿ ಸ್ವಾಮ್ಯಪತ್ರಗಳನ್ನು ಪಡೆದು, ದ್ರವ ತುಂಬಿದ ಪುಟ್ಟ ಗಾಜಿನ ಕೊಳವೆಗಳನ್ನು ಚೂರುಗಳ ನಡುವೆ ಸೇರಿಸಿ, ಅವುಗಳೊಳಗಿನ ಗಾಳಿಗುಳ್ಳೆಯು ಕೈ ನಿಂತ ಮೇಲೂ ಚಲಿಸುತ್ತಿರುವಂತೆ ಮಾಡಿದ. ಆ ಬಳಿಕ ತಗಡು ಮತ್ತು ರಟ್ಟಿನ ಕೊಳವೆಗಳ ಕಾಲ ಬಂದಿತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ, ೧೯೮೬ರಲ್ಲಿ, ಅಮೆರಿಕದ ಕೋಜಿ ಬೇಕರ್ ಎಂಬಾಕೆ ಬ್ರೂಸ್ಟರನ ಹೆಸರಿನಲ್ಲಿ ಸಂಘವೊಂದನ್ನು ಸ್ಥಾಪಿಸಿದುದರಿಂದ ಅದು ಕಲಾವಸ್ತುವಾಗಿಯೂ ಪುನಃ ಗೌರವ ಪಡೆಯಿತು.

೭

ಬ್ರೂಸ್ಟರನ ದೂರಿನಲ್ಲಿ ಹಣದ ಮಾತಿಗಿಂತ ಹೆಚ್ಚು ಮರ್ಮಭೇದಕವಾದ ಮಾತೊಂದಿದೆ. ಮಾರಾಟವಾದ ಎರಡು ಲಕ್ಷದಲ್ಲಿ ಶಾಸ್ತ್ರೀಯವಾಗಿ ರಚಿತವಾದುವು ಒಂದು ಸಾವಿರವೂ ಇರಲಾರವೆಂದು ಆತ ಹೇಳುತ್ತಾನೆ. ಅಂದರೆ ಇನ್ನೂರಕ್ಕೆ ಒಂದು. ಲಕ್ಷಾಂತರ ಜನ ನೋಡಿ ಬೆರಗಾದದ್ದು ಆತ ಕಂಡುಹಿಡಿದ ಉಪಕರಣವನ್ನಲ್ಲ, ಅದರ ಅಪಭ್ರಂಶವನ್ನು ಎಂಬುದೇ ಆತನ ವ್ಯಥೆ.

ಈಗ ನಮ್ಮ ಮಕ್ಕಳು ಮಾಡುವ ಬಳೆಚೂರಿನ ಕೊಳವೆಗೆ ಮರಳೋಣ. ಅದರಲ್ಲಿ ಮೂರು ಪಟ್ಟಿಗಳಿವೆ. ಒಂದೇ ಅಗಲದ ಮೂರು ಪಟ್ಟಿಗಳನ್ನು ಅಂಚಿಗೆ ಅಂಚು ಕೂಡಿಸಿ ಕಟ್ಟಿದರೆ ಸಮಬಾಹು ತ್ರಿಕೋನವೇ ಆಗಬೇಕು, ಬೇರೆ ಆಗುವಂತಿಲ್ಲ. ಆದುದರಿಂದ ಪ್ರತಿಯೊಂದು ಕೋನವೂ ೬೦ ಅಂಶ. ಕೋನಮಾಪಕವನ್ನು ಕಂಡೇ ಇರದ ಮಗುವಿನ ಕೈಯಲ್ಲಿ ಬ್ರೂಸ್ಟರನ ಮೊದಲನೆಯ ನಿಬಂಧನೆಯು ತಾನಾಗಿಯೇ ನೆರವೇರುತ್ತದೆ. ಚೂರುಗಳು ಪಟ್ಟಿಗಳ ತುದಿಗೇ ಬಿದ್ದಿರುವುದರಿಂದ ಎರಡನೆಯದೂ ನೆರವೇರುತ್ತದೆ. ಪಟ್ಟಿಗಳು ರಸಲೇಪದ ಕನ್ನಡಿಗಳಲ್ಲ, ಬರಿಯ ಗಾಜು; ಆದರೆ ಹಿಂಬದಿಗೆ ಕಪ್ಪು ಕಾಗದವಿದ್ದು ನೋಟವು ಗಾಜಿನ ಮೇಲೆ ಸವರಿಕೊಂಡು ಹೋಗುವಷ್ಟು ಓರೆಯಾದಾಗ ಬರಿಯ ಗಾಜೂ ಕನ್ನಡಿಯಂತೆ ಪ್ರತಿಫಲಿಸುತ್ತದೆ. ಒಂದೇ ಹೂವಿಗೆ ಬದಲು ಕಣ್ಣು ಹಾಯುವವರೆಗೂ ಹಬ್ಬಿದ ರಂಗವಲ್ಲಿ ಕಾಣುವುದೂ ಮೂರನೆಯ ಪಟ್ಟಿಯ ಫಲ. ಹಲವು ಕೇಂದ್ರಗಳುಳ್ಳ ಇಂಥ ರಚನೆಯನ್ನು ಬ್ರೂಸ್ಟರನೇ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ.

ಎಂದಮೇಲೆ, ಇನ್ನೂರರಲ್ಲಿ ನೂರತೊಂಬತ್ತೊಂಬತ್ತು ಮಂದಿ ವ್ಯಾಪಾರಿಗಳು ಕೆಡಿಸಿದ ಉಪಕರಣವನ್ನು ಮಕ್ಕಳ ಕೈಗೆ ಸಾಗಿಬಂದ ಸರಳ ರೂಪವು ಸರಿಪಡಿಸಿಕೊಂಡಿತೆನ್ನಬಹುದು. ಹುಚ್ಚಿನ ಕಾಲದಲ್ಲಿ ಹಣಕ್ಕಾಗಿ ಮಾಡಿದ ವಸ್ತುಗಳು ತಪ್ಪಾಗಿದ್ದುವು. ಹುಚ್ಚು ಇಳಿದ ಮೇಲೆ ಕಾಸಿಲ್ಲದೆ ಮಾಡುವ ವಸ್ತು ಶಾಸ್ತ್ರಕ್ಕೆ ಒಪ್ಪುತ್ತದೆ. ಹೀಗಿರುವಾಗ ಆಟಿಕೆಯಾದುದನ್ನು ಉಪಕರಣದ ಪತನವೆಂದು ಕರೆಯುವುದು ಯುಕ್ತವಲ್ಲ. ಸ್ವಾಮ್ಯಪತ್ರವು ಹದಿನಾಲ್ಕು ವರ್ಷಗಳ ಹಕ್ಕನ್ನು ಕೊಡುವೆನೆಂದು ಹೇಳಿ ಒಂದು ವರ್ಷವನ್ನೂ ಕಾಯಲಿಲ್ಲ. ಯಾರ ಅನುಮತಿಯೂ ಇಲ್ಲದೆ ಕೈಯಿಂದ ಕೈಗೆ ಹೋದ ವಿದ್ಯೆಯು ಇನ್ನೂರು ವರ್ಷ ದಾಟಿ ಬಾಳಿದೆ.

ವಿಜ್ಞಾನಿಗೆ ಆದ ಅನ್ಯಾಯವನ್ನು ಇದು ಅಳಿಸುವುದಿಲ್ಲ. ತನ್ನ ಬುದ್ಧಿಯ ಫಲವನ್ನು ತಾನು ಉಣ್ಣುವ ಹಕ್ಕು ಬ್ರೂಸ್ಟರನಿಗಿತ್ತು. ಅದನ್ನು ರಕ್ಷಿಸುವುದು ಅಂದಿನ ಕಾನೂನಿನಿಂದ ಆಗಲಿಲ್ಲ. ಆದರೆ ಜ್ಞಾನದ ಪ್ರಸಾರಕ್ಕೆ ಮತ್ತು ಜ್ಞಾನಿಯ ಪೋಷಣೆಗೆ ದಾರಿ ಒಂದೇ ಅಲ್ಲವೆಂಬ ಸಮಸ್ಯೆಯು ಆಗ ಇದ್ದಂತೆಯೇ ಈಗಲೂ ಇದೆ. ಕಾಲೇಜಿನ ಚರಿತ್ರೆಯ ತರಗತಿಯಲ್ಲಿ ಕೈಗಾರಿಕಾ ಕ್ರಾಂತಿಯನ್ನು ಬೋಧಿಸುವಾಗ ನಾವು ಉಗಿಯಂತ್ರವನ್ನೂ ಮಗ್ಗವನ್ನೂ ಮುಂದಿಡುತ್ತೇವೆ. ಅವುಗಳ ಪಕ್ಕದಲ್ಲಿ ಬಳೆಚೂರಿನ ಈ ಕೊಳವೆಯನ್ನೂ ಒಮ್ಮೆ ಇಟ್ಟು ನೋಡಿದರೆ, ಆ ಯುಗದ ವಿಜ್ಞಾನ, ಬಂಡವಾಳ, ಶಾಸನ, ಸಮುದ್ರ ವ್ಯಾಪಾರಗಳೆಲ್ಲವೂ ವಿದ್ಯಾರ್ಥಿಯ ಕಣ್ಣಿಗೆ ಒಂದೇ ಚಿತ್ರದಲ್ಲಿ ಕಾಣಬಹುದು.